ಪಾರ್ಕಿನ್ಸನ್ ಬಂದ ಮೇಲೆ ಎಷ್ಟು ವರ್ಷ ಚೆನ್ನಾಗಿರಬಹುದು?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅಮ್ಮನ ಜೊತೆ ಹಾಸನದಲ್ಲಿದ್ದಾರೆ. ಮೂರು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಗಿ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಓಡಾಡಿಕೊಂಡಿದ್ದಾರೆ, ಎಲ್ಲೂ ಬಿದ್ದಿಲ್ಲ. ಡಾಕ್ಟರು ಮೂರು ಹೊತ್ತು ಸಿಂಡೋಪಾ ಮಾತ್ರೆ ಬರೆದಿದ್ದಾರೆ. ಆದರೆ "ಈಗಲೇ ತಿಂದರೆ ಮುಂದೆ ಕೆಲಸ ಮಾಡಲ್ಲ" ಅಂತ ಅಪ್ಪ ಬೆಳಗ್ಗೆ ಒಂದೇ ತಗೊಳ್ತಾರೆ. ಅದು ತಗೊಂಡಾಗ ಕೈ ಹಗುರಾಗುತ್ತದೆ, ಮಧ್ಯಾಹ್ನದ ಮೇಲೆ ಮತ್ತೆ ಬಿಗಿ. ಮದುವೆ ಮನೆಗಳಿಗೆ ಹೋಗುವುದು ಬಿಟ್ಟಿದ್ದಾರೆ, ಮಾತೂ ಕಡಿಮೆಯಾಗಿದೆ. ಐದು ವರ್ಷಕ್ಕೆ ಹಾಸಿಗೆ ಹಿಡಿಯುತ್ತಾರೆ ಅಂತ ಯೂಟ್ಯೂಬ್‌ನಲ್ಲಿ ನೋಡಿ ಭಯವಾಗಿದೆ. ಇನ್ನೆಷ್ಟು ವರ್ಷ ಚೆನ್ನಾಗಿರುತ್ತಾರೆ? ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ತಮ್ಮ, ಅಪ್ಪ ಅಮ್ಮನನ್ನು ಕೆಲವು ತಿಂಗಳು ಕರೆಸಿಕೊಳ್ಳಬೇಕು ಅಂತಿದ್ದಾನೆ. ಈಗ ಕಳಿಸಬಹುದಾ, ಇನ್ನೂ ಸ್ವಲ್ಪ ಹುಷಾರಾಗುವ ತನಕ ಕಾಯಬೇಕಾ?

ಉತ್ತರ: ಮೊದಲು ಆ ಯೂಟ್ಯೂಬ್ ಮಾತನ್ನು ತಲೆಯಿಂದ ತೆಗೆಯಿರಿ. ಪಾರ್ಕಿನ್ಸನ್ ಬಂದವರು ಐದು ವರ್ಷಕ್ಕೆ ಹಾಸಿಗೆ ಹಿಡಿಯುವುದಿಲ್ಲ. ಹಾಗೆ ನೋಡಿದರೆ, ಐದು ವರ್ಷದೊಳಗೆ ಯಾರಾದರೂ ಗಾಲಿಕುರ್ಚಿಗೆ ಬಂದರೆ, ಇಲ್ಲವೇ ಮೊದಲ ಮೂರು ವರ್ಷದಲ್ಲೇ ಪದೇ ಪದೇ ಬೀಳತೊಡಗಿದರೆ, ಇದು ನಿಜಕ್ಕೂ ಪಾರ್ಕಿನ್ಸನ್ ಹೌದಾ ಅಂತ ನಾವು ನರರೋಗದ ಡಾಕ್ಟರುಗಳೇ ಅನುಮಾನ ಪಡುತ್ತೇವೆ. ನೋಡೋಕೆ ಹೀಗೇ ಇರುವ, ಆದರೆ ಬೇಗ ಕೆಡುವ ಬೇರೆ ಕಾಯಿಲೆಗಳಿವೆ. ನಿಮ್ಮ ತಂದೆಯದು ಒಂದೇ ಕೈಯಿಂದ ಶುರುವಾಗಿದೆ, ನಡುಕ ಇದೆ, ಬಿದ್ದಿಲ್ಲ, ಅರೆಬರೆ ಔಷಧಿಗೂ ಕೈ ಹಗುರಾಗುತ್ತಿದೆ. ನಾನು ನೋಡಲು ಬಯಸುವ ಲಕ್ಷಣಗಳೇ ಇವು. ಮಹಮ್ಮದ್ ಅಲಿಗೆ ಈ ಕಾಯಿಲೆ ಇದೆ ಅಂತ ಗೊತ್ತಾದದ್ದು 1984ರಲ್ಲಿ. 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಲ್ಲೇ ಒಲಿಂಪಿಕ್ ಜ್ಯೋತಿ ಹೊತ್ತಿಸಿದರು. ತೀರಿಕೊಂಡದ್ದು 2016ರಲ್ಲಿ. ಎಲ್ಲರದೂ ಹಾಗೇ ಆಗುತ್ತದೆ ಅಂತಲ್ಲ, ಲೆಕ್ಕ ಐದು ವರ್ಷದ್ದಲ್ಲ ಅಂತ ಹೇಳಲು ಈ ಮಾತು.

ಈಗ ಮಾತ್ರೆಯ ವಿಷಯ, ಯಾಕೆಂದರೆ ನಿಮ್ಮ ಮನೆಯಲ್ಲಿ ಸದ್ಯಕ್ಕೆ ಬದುಕನ್ನು ಹಾಳು ಮಾಡುತ್ತಿರುವುದು ಕಾಯಿಲೆಗಿಂತ ಜಾಸ್ತಿ ಈ ಹೆದರಿಕೆಯೇ. ಸಿಂಡೋಪಾದಲ್ಲಿರುವುದು ಲೆವೊಡೋಪಾ. ಮಿದುಳಿನಲ್ಲಿ, ಮೈ ಸಲೀಸಾಗಿ ಆಡಲು ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಬಂದಿರುತ್ತವೆ. ಕೈ ನಡುಗುವ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಹೋಗಿರುತ್ತವೆ ಅನ್ನುವುದು ಸಾಮಾನ್ಯ ಅಂದಾಜು. ಉಳಿದ ಕೋಶಗಳು ಲೆವೊಡೋಪಾವನ್ನು ಡೋಪಮಿನ್ ಮಾಡಿ ಕೂಡಿಟ್ಟುಕೊಂಡು, ಬೇಕಾದಾಗ ಬಿಡುತ್ತವೆ. ಶುರುವಿನಲ್ಲಿ ಇದು ಮನೆ ಮೇಲೆ ದೊಡ್ಡ ಟ್ಯಾಂಕ್ ಇದ್ದ ಹಾಗೆ, ನಲ್ಲಿಯಲ್ಲಿ ನೀರು ಯಾವಾಗ ಬಂದರೂ ನಡೆಯುತ್ತದೆ. ವರ್ಷ ಕಳೆದಂತೆ ಟ್ಯಾಂಕ್ ಚಿಕ್ಕದಾಗುತ್ತದೆ, ಆಮೇಲೆ ನಲ್ಲಿ ಬಂದಾಗ ಮಾತ್ರ ನೀರು. ಆಗ ಮಾತ್ರೆ ತಗೊಂಡ ಮೂರು ನಾಲ್ಕು ಗಂಟೆಗೆ ಅದರ ಕೆಲಸ ಇಳಿದುಹೋಗಿ ಮೈ ಬಿಗಿಯುತ್ತದೆ. ಕೆಲವರಿಗೆ ಮಾತ್ರೆ ಏರಿದ ಹೊತ್ತಲ್ಲಿ ಕೈಕಾಲು, ಕತ್ತು ತಾನಾಗಿ ಹೊಯ್ದಾಡುತ್ತದೆ. ಜನ ಇದನ್ನು ನೋಡಿ "ಮಾತ್ರೆ ಜಾಸ್ತಿ ತಿಂದು ಹೀಗಾಯ್ತು" ಅನ್ನುತ್ತಾರೆ. ಆದರೆ ಟ್ಯಾಂಕ್ ಚಿಕ್ಕದಾದದ್ದು ಕಾಯಿಲೆಯಿಂದ. ನೀರು ಉಳಿಸಿದ ಮಾತ್ರಕ್ಕೆ ಟ್ಯಾಂಕ್ ಉಳಿಯುವುದಿಲ್ಲ.

ಇದು ಸುಮ್ನೆ ನನ್ನ ಮಾತಲ್ಲ. ಆಫ್ರಿಕಾದ ಘಾನಾದ ರೋಗಿಗಳನ್ನೂ ಇಟಲಿಯವರನ್ನೂ ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ಘಾನಾದಲ್ಲಿ ಔಷಧಿ ಸಿಗುವುದೇ ಕಷ್ಟ, ಹಾಗಾಗಿ ಅಲ್ಲಿಯವರು ಲೆವೊಡೋಪಾ ಶುರು ಮಾಡಿದ್ದು ಸರಾಸರಿ 4 ವರ್ಷ ದಾಟಿದ ಮೇಲೆ. ಇಟಲಿಯವರು 2 ವರ್ಷ ಚಿಲ್ಲರೆಗೆ ಶುರು ಮಾಡಿದ್ದರು. ಆದರೂ ಮಾತ್ರೆಯ ಏರಿಳಿತ, ಮೈ ಹೊಯ್ದಾಟ ಕಾಣಿಸಿಕೊಂಡದ್ದು ಇಬ್ಬರಿಗೂ ಕಾಯಿಲೆ ಶುರುವಾಗಿ ಹೆಚ್ಚುಕಮ್ಮಿ ಅಷ್ಟೇ ವರ್ಷಕ್ಕೆ. ತಡ ಮಾಡಿದವರಿಗೆ ಸಿಕ್ಕ ಲಾಭ ಸೊನ್ನೆ, ನಡುವಿನ ವರ್ಷಗಳು ಹೋದವು ಅಷ್ಟೆ. ಬ್ರಿಟನ್ನಿನಲ್ಲಿ 1620 ಜನರನ್ನು ವರ್ಷಗಟ್ಟಲೆ ನೋಡಿದ ಇನ್ನೊಂದು ಅಧ್ಯಯನದಲ್ಲಿ, ಮೊದಲಿಂದ ಲೆವೊಡೋಪಾ ತಗೊಂಡವರೇ ಓಡಾಟದ ವಿಷಯದಲ್ಲಿ ತಮ್ಮ ಬದುಕು ಸ್ವಲ್ಪ ಚೆನ್ನಾಗಿದೆ ಅಂದರು. ಅಳತೆ ಮೀರಿದ ಡೋಸ್ ಒಳ್ಳೆಯದಲ್ಲ, ಅದು ನಿಜ. ಹೊಯ್ದಾಟ ಡೋಸ್ ಜಾಸ್ತಿಯಾದಷ್ಟೂ ಜಾಸ್ತಿ. ಆದರೆ ಬರೆದುಕೊಟ್ಟ ಮೂರು ಮಾತ್ರೆಯಲ್ಲಿ ಎರಡು ಡಬ್ಬಿಯಲ್ಲೇ ಇಡುವುದು ಎಚ್ಚರಿಕೆ ಅಲ್ಲ. ಮಧ್ಯಾಹ್ನದ ಮೇಲೆ ಮೇಷ್ಟ್ರು ಮುದುಡಿ ಕೂರುತ್ತಾರಲ್ಲ, ಅದಕ್ಕೆ ಕಾರಣ ಮತ್ತೇನಲ್ಲ.

ತಗೊಳ್ಳುವ ಹೊತ್ತೂ ಮುಖ್ಯ. ಲೆವೊಡೋಪಾ ಕರುಳಿನಲ್ಲಿ ಹೀರಿಕೊಳ್ಳುವಾಗ ಊಟದ ಪ್ರೊಟೀನ್ ಜೊತೆ ಪೈಪೋಟಿಗೆ ಬೀಳುತ್ತದೆ. ಹಾಗಾಗಿ ತಿಂಡಿಗೆ ಅರ್ಧ ಗಂಟೆ ಮೊದಲು ಬರೀ ನೀರಲ್ಲಿ, ಇಲ್ಲವೇ ಊಟವಾಗಿ ಒಂದೂವರೆ ಎರಡು ಗಂಟೆ ಬಿಟ್ಟು. ಹಾಲಿನ ಜೊತೆ ಬೇಡ. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ. ಮೊದಮೊದಲು ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಒಂದೆರಡು ಮಾರಿ ಬಿಸ್ಕತ್ತು ಜೊತೆಗಿರಲಿ, ಪರವಾಗಿಲ್ಲ. ಹಾಗಂತ ಬೇಳೆ ಕಾಳು ಬಿಡಿಸಬೇಡಿ, ತೂಕ ಇಳಿಯುವುದು ಈ ಕಾಯಿಲೆಯಲ್ಲಿ ಬೇರೆಯದೇ ತಲೆನೋವು. ಮುಂದೆ ಏರಿಳಿತ ಜಾಸ್ತಿಯಾದರೆ ಅವರೆಕಾಳು, ಹುರುಳಿ ಸಾರು, ಮೊಟ್ಟೆ ಇವನ್ನು ರಾತ್ರಿ ಊಟಕ್ಕೆ ತಳ್ಳಿದರೆ ಹಗಲಿನ ಮಾತ್ರೆಗಳು ಚೆನ್ನಾಗಿ ಹಿಡಿಯುತ್ತವೆ.

ಯಾರೋ ಕೊಟ್ಟ ನಸುಗುನ್ನಿ ಪುಡಿ ಏನಾದರೂ ತಗೊಳ್ತಿದ್ದಾರಾ ಕೇಳಿ. ನಸುಗುನ್ನಿ ಬೀಜದಲ್ಲಿ ನಿಜವಾದ ಲೆವೊಡೋಪಾ ಇದೆ, ಹಾಗಾಗಿ ಕೆಲಸವೂ ಮಾಡುತ್ತದೆ. ತೊಂದರೆ ಅಲ್ಲೇ ಇರುವುದು: ಒಂದು ಚಮಚದಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಮಾತ್ರೆಯ ಮೇಲೆ ಅದನ್ನೂ ಹಾಕಿಕೊಂಡರೆ ಡೋಸ್ ಎಲ್ಲಿಗೆ ಹೋಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಎಷ್ಟು ವರ್ಷ ಚೆನ್ನಾಗಿರುತ್ತಾರೆ? ಒಬ್ಬರ ವಿಷಯದಲ್ಲಿ ಇಷ್ಟೇ ಅಂತ ಯಾರು ಹೇಳಿದರೂ ನಂಬಬೇಡಿ. ಸ್ಥೂಲವಾಗಿ ಹೇಳುವುದಾದರೆ, ಔಷಧಿ ಸರಿಯಾಗಿ ಶುರುವಾದ ಮೇಲೆ ಮೊದಲ ಕೆಲವು ವರ್ಷ ಸಲೀಸು. ನಮ್ಮಲ್ಲಿ ಇದನ್ನು ಹನಿಮೂನ್ ಕಾಲ ಅಂತಲೇ ಕರೆಯುತ್ತೇವೆ. ನಾಲ್ಕರಿಂದ ಆರು ವರ್ಷದ ಹೊತ್ತಿಗೆ ಸುಮಾರು 40% ಜನರಿಗೆ ಆ ಏರಿಳಿತ ಶುರುವಾಗುತ್ತದೆ. ಆಗ ಮಾತ್ರೆಯನ್ನು ಒಡೆದು ಹತ್ತಿರ ಹತ್ತಿರ ಕೊಡುವುದು, ಜೊತೆಗೆ ಬೇರೆ ಔಷಧಿ ಸೇರಿಸುವುದು, ಹೀಗೆ ಇನ್ನೂ ಹಲವು ವರ್ಷ ದೂಡಬಹುದು. ಹತ್ತು ಹದಿನೈದು ವರ್ಷ ದಾಟಿದ ಮೇಲೆ ಬರುವ ತೊಂದರೆಗಳೇ ಬೇರೆ: ಬೀಳುವುದು, ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿಕೊಳ್ಳುವುದು, ನುಂಗಲು ಕಷ್ಟ, ಮರೆವು, ಇಲ್ಲದ್ದು ಕಾಣುವುದು. ಇವಕ್ಕೆ ಡೋಪಮಿನ್ ಮಾತ್ರೆ ಅಷ್ಟಾಗಿ ಬಗ್ಗುವುದಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೊಸ ರೋಗಿಗಳ ಒಂದು ಗುಂಪನ್ನು 20 ವರ್ಷ ಹಿಂಬಾಲಿಸಿ ನೋಡಿದರು. ಅಷ್ಟು ವರ್ಷ ಬದುಕಿದ್ದವರಲ್ಲಿ 83% ಜನರಿಗೆ ಮರೆವಿನ ಕಾಯಿಲೆ ಬಂದಿತ್ತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅದು 20 ವರ್ಷದ ಮಾತು, ಬಹುಪಾಲು ಜನ ಆ ಹೊತ್ತಿಗೆ ವಯಸ್ಸಾದವರು.

ಇಲ್ಲಿ ಒಂದು ವಿಷಯ ಎಲ್ಲರೂ ತಪ್ಪು ತಿಳಿಯುತ್ತಾರೆ. ನಡುಕ ಜಾಸ್ತಿಯಾದರೆ ಬದುಕು ಕೆಟ್ಟಿತು, ಕಡಿಮೆಯಾದರೆ ಚೆನ್ನಾಯಿತು ಅಂತ. ಹಾಗಲ್ಲ. ಈ ಕಾಯಿಲೆಯವರ ಬದುಕು ಹೇಗಿದೆ ಅಂತ ಅಳೆಯಲು ಆಕ್ಸ್‌ಫರ್ಡ್‌ನಲ್ಲಿ ತಯಾರಾದ 39 ಪ್ರಶ್ನೆಗಳ ಒಂದು ಪಟ್ಟಿ ಇದೆ, ಪ್ರಪಂಚದಾದ್ಯಂತ ಬಳಸುತ್ತಾರೆ. ಓಡಾಟ, ದಿನದ ಕೆಲಸಗಳ ಜೊತೆಗೆ ಮನಸ್ಸು, ನಾಚಿಕೆ, ಮನೆಯವರ ಆಸರೆ, ಮಾತು, ನೋವು, ನೆನಪು ಎಲ್ಲವನ್ನೂ ಅದು ಕೇಳುತ್ತದೆ. ಯಾರ ಬದುಕು ಚೆನ್ನಾಗಿದೆ, ಯಾರದು ಇಲ್ಲ ಅಂತ ಬೇರ್ಪಡಿಸುವುದರಲ್ಲಿ ಮತ್ತೆ ಮತ್ತೆ ಮೇಲೆ ಬಂದಿರುವುದು ಖಿನ್ನತೆ, ನಡುಕ ಅಲ್ಲ. ಸಂತೋಷದ ವಿಷಯ ಏನು ಅಂದರೆ ಖಿನ್ನತೆಗೆ ಔಷಧಿ ಇದೆ. ಬೇಜಾರಿನ ವಿಷಯ, ಅದನ್ನು ಯಾರೂ ಕೇಳುವುದೇ ಇಲ್ಲ. ರೋಗಿ ಹೇಳುವುದಿಲ್ಲ, ಮನೆಯವರು "ವಯಸ್ಸಾಯ್ತಲ್ಲ" ಅಂತಾರೆ, ಡಾಕ್ಟರು ಕೈ ಮಾತ್ರ ನೋಡಿ ಕಳಿಸುತ್ತಾರೆ.

ನಿಮ್ಮ ತಂದೆ ಮದುವೆಗೆ ಹೋಗುವುದು ಬಿಟ್ಟದ್ದನ್ನು ನಾನು ನಡುಕಕ್ಕಿಂತ ಗಂಭೀರವಾಗಿ ತಗೊಳ್ತೇನೆ. ಪಂಕ್ತಿಯಲ್ಲಿ ಕೂತು ಎಲೆಯ ಮೇಲೆ ಸಾರನ್ನ ಕಲಸುವಾಗ ಬಲಗೈ ನಡುಗುತ್ತದೆ, ಎದುರಿಗೆ ಕೂತವರು ನೋಡುತ್ತಾರೆ, ಹಳೇ ವಿದ್ಯಾರ್ಥಿ ಒಬ್ಬ ಬಂದು "ಏನ್ ಸಾರ್, ಕೈಗೇನಾಯ್ತು" ಅಂತಾನೆ. ಅದರ ಮೇಲೆ ಮುಖದ ಸ್ನಾಯುಗಳೂ ಬಿಗಿಯಾಗಿರುವುದರಿಂದ ನಗು ಬರುವುದಿಲ್ಲ, ಮೇಷ್ಟ್ರು ಸಿಟ್ಟಾಗಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲ ಹೋಗುವ ಮನಸ್ಸು ಯಾರಿಗಿರುತ್ತದೆ ಹೇಳಿ. ಪರಿಹಾರ ತೀರಾ ದೊಡ್ಡದಲ್ಲ. ಊಟದ ಹೊತ್ತಿಗೆ ಮಾತ್ರೆ ಕೆಲಸ ಮಾಡುತ್ತಿರುವ ಹಾಗೆ ಸಮಯ ಹೊಂದಿಸಿ. ಸಂಕೋಚವಿಲ್ಲದೆ ಚಮಚ ಕೇಳಿ. ಗೊತ್ತಿರುವ ನಾಲ್ಕು ಜನಕ್ಕೆ ಕಾಯಿಲೆಯ ಹೆಸರು ಹೇಳಿಬಿಡಿ, ಮುಚ್ಚಿಡುವ ಭಾರವೇ ನಡುಕವನ್ನು ಜಾಸ್ತಿ ಮಾಡುತ್ತದೆ. ಇಷ್ಟಾದ ಮೇಲೂ ಎರಡು ಮೂರು ವಾರ ಮಂಕಾಗಿಯೇ ಇದ್ದರೆ, ನಿದ್ದೆ ಊಟ ಬೇಡವಾಗಿದ್ದರೆ, ಮುಂದಿನ ಭೇಟಿಯಲ್ಲಿ ಡಾಕ್ಟರ ಹತ್ತಿರ ಖಿನ್ನತೆ ಅನ್ನುವ ಪದವನ್ನೇ ಬಳಸಿ ಕೇಳಿ.

ಇದೇ ಥರ ಮರೆಯಲ್ಲಿ ಕೂತಿರುವ ಬೇರೆಯವೂ ಇವೆ. ಮಲಬದ್ಧತೆ ನಡುಕಕ್ಕೂ ಎಷ್ಟೋ ವರ್ಷ ಮೊದಲೇ ಬಂದಿರಬಹುದು, ಹೊಟ್ಟೆ ನಿಧಾನವಾದರೆ ಮಾತ್ರೆ ಹಿಡಿಯುವುದೂ ನಿಧಾನ. ರಾತ್ರಿ ಕನಸಿನಲ್ಲಿ ಕೂಗಿ, ಒದ್ದು, ಪಕ್ಕದಲ್ಲಿ ಮಲಗಿದ ಅಮ್ಮನಿಗೆ ಏಟು ಬೀಳುವುದು ಕೂಡ ಇದೇ ಕಾಯಿಲೆಯದು, ದೆವ್ವದ್ದಲ್ಲ, ಹಗಲಿನ ಸಿಟ್ಟೂ ಅಲ್ಲ. ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು. ಹಾಗಾಗಿ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲು ಹೇಳಿ. ಹಳೇ ಬಿಪಿ ಮಾತ್ರೆ ಕಡಿಮೆ ಮಾಡಬೇಕಾಗಬಹುದು. ಇವೆಲ್ಲಕ್ಕೂ ಏನಾದರೊಂದು ದಾರಿ ಇದ್ದೇ ಇದೆ.

ಕಣ್ಣು ಕತ್ತಲೆ ಅಂದಾಗ ನೆನಪಾಯಿತು, ಇದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿಕೊಳ್ಳಿ. ತಲೆಸುತ್ತು, ವಾಂತಿ ಅಂತ ಎಲ್ಲಾದರೂ ಹೋದರೆ ಸಿನ್ನರಿಜಿನ್, ಫ್ಲೂನರಿಜಿನ್, ಪ್ರೊಕ್ಲೋರ್‌ಪೆರಜಿನ್, ಮೆಟೊಕ್ಲೋಪ್ರಮೈಡ್ ಕೊಡುವ ಅಭ್ಯಾಸ ಜಾಸ್ತಿ. ಇವು ಡೋಪಮಿನ್ ಕೆಲಸಕ್ಕೇ ಅಡ್ಡ ಬರುತ್ತವೆ. ಚೆನ್ನಾಗಿದ್ದವರು ಕೆಲವೇ ದಿನದಲ್ಲಿ ಮರದ ಹಾಗೆ ಬಿಗಿದುಕೊಂಡು ಬರುತ್ತಾರೆ, ಕಾಯಿಲೆ ಏಕಾಏಕಿ ಜಾಸ್ತಿಯಾಯಿತು ಅಂತ ಮನೆಯವರು ಅಳುತ್ತಿರುತ್ತಾರೆ. ಚೀಟಿ ಬಿಚ್ಚಿ ನೋಡಿದರೆ ತಲೆಸುತ್ತಿನ ಮಾತ್ರೆ. ಇನ್ನೊಂದು, ಬೇರೆ ಯಾವುದೋ ಆಪರೇಷನ್ನಿಗೆ ಸೇರಿಸಿದಾಗಲೂ ಲೆವೊಡೋಪಾವನ್ನು ಏಕಾಏಕಿ ನಿಲ್ಲಿಸಬಾರದು. ಜ್ವರ ಬಂದು ಮೈ ಬಿಗಿದು ಪ್ರಾಣಕ್ಕೇ ಬರಬಹುದು. ವಾರ್ಡಿನ ನರ್ಸ್‌ಗೆ ಸಮಯ ಬರೆದುಕೊಡಿ.

ಮುಂದೆ ಪ್ರಮಿಪೆಕ್ಸೋಲ್, ರೋಪಿನಿರೋಲ್ ಅನ್ನುವ ಮಾತ್ರೆ ಸೇರಿಸಿದರೆ ಸ್ವಭಾವದ ಮೇಲೆ ಒಂದು ಕಣ್ಣಿಡಿ. ಕೆಲವರಿಗೆ ಇವುಗಳಿಂದ ತಡೆಯಲಾಗದ ಚಟ ಹತ್ತುತ್ತದೆ: ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ, ಬೇಕು ಬೇಡದ್ದೆಲ್ಲ ಖರೀದಿ, ಕಾಮದ ವಿಷಯದಲ್ಲಿ ಅತಿ. ಜೀವನವಿಡೀ ಒಂದು ಪೈಸೆ ಪೋಲು ಮಾಡದ ಮೇಷ್ಟ್ರು ಕೂಡ ಹೀಗೆ ಆಗಬಹುದು. ಬೈಯಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ನಿಧಾನವಾಗಿ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ.

ವ್ಯಾಯಾಮದ ಬಗ್ಗೆ "ದಿನಾ ಸ್ವಲ್ಪ ವಾಕಿಂಗ್ ಮಾಡಿ" ಅನ್ನುವುದು ನನಗೆ ಸಾಲದು. ಬೆವರು ಬರಬೇಕು. ಏದುಸಿರು ಬಂದು ಮಾತಾಡಲು ಸ್ವಲ್ಪ ಕಷ್ಟ ಆಗಬೇಕು, ವಾರಕ್ಕೆ ಮೂರು ನಾಲ್ಕು ದಿನ. ಹೃದಯದ ತೊಂದರೆ ಇದೆಯಾ ಅಂತ ಒಮ್ಮೆ ತೋರಿಸಿಕೊಂಡು ಶುರು ಮಾಡಲಿ. ಟ್ರೆಡ್‌ಮಿಲ್ ಮೇಲೆ ಜೋರಾಗಿ ನಡೆದವರ ಕಾಯಿಲೆ ಆರು ತಿಂಗಳಲ್ಲಿ ಹೆಚ್ಚುಕಮ್ಮಿ ಇದ್ದಲ್ಲೇ ನಿಂತಿತ್ತು, ಸುಮ್ಮನಿದ್ದವರದು ಮುಂದೆ ಹೋಗಿತ್ತು ಅಂತ 2018ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಬ್ಯಾಲೆನ್ಸ್‌ಗೆ ತಾಯ್ ಚಿ ಅನ್ನುವ, ನಿಧಾನವಾಗಿ ಮೈ ಆಡಿಸುವ ಚೀನಾದ ವ್ಯಾಯಾಮ ಒಳ್ಳೆಯದು ಅಂತಲೂ ಗೊತ್ತಿದೆ. ಹಾಸನದಲ್ಲಿ ತಾಯ್ ಚಿ ಹುಡುಕಿಕೊಂಡು ಹೋಗಬೇಡಿ, ಫಿಸಿಯೋಥೆರಪಿಯವರ ಹತ್ತಿರ ಬ್ಯಾಲೆನ್ಸ್ ವ್ಯಾಯಾಮ ಕಲಿಯಲಿ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬಾರದು, ನಾಲ್ಕು ಹೆಜ್ಜೆ ಹಾಕಿ ಸುತ್ತಿ ಬರಬೇಕು. ಮುಂದೆ ಬಾಗಿಲ ಹತ್ತಿರ ಕಾಲು ಅಂಟಿಕೊಳ್ಳತೊಡಗಿದರೆ ನೆಲದ ಮೇಲೆ ಒಂದೊಂದು ಹೆಜ್ಜೆ ದೂರಕ್ಕೆ ಬಣ್ಣದ ಟೇಪ್ ಅಂಟಿಸಿ. ಪಟ್ಟಿ ಕಂಡರೆ ಅದನ್ನು ದಾಟಲು ಕಾಲು ಏಳುತ್ತದೆ, ಬರೀ ನೆಲದ ಮೇಲೆ ಏಳದ ಕಾಲು. ನೋಡಿದವರು ನಂಬುವುದಿಲ್ಲ, ಆದರೆ ಎಷ್ಟೋ ಜನಕ್ಕೆ ಕೆಲಸ ಮಾಡುತ್ತದೆ.

ದನಿ ಸಣ್ಣಗಾಗಿದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ, ಕೇಳುವವರಿಗೆ ಕಿವಿ ಮಂದ ಅಂತ ಅಂದುಕೊಳ್ಳುತ್ತಾರೆ. ಮೇಷ್ಟ್ರಾದ್ದರಿಂದ ನಿಮಗೆ ಒಂದು ಅನುಕೂಲ ಇದೆ. ದಿನಾ ಬೆಳಗ್ಗೆ ಮಾತ್ರೆ ಕೆಲಸ ಶುರು ಮಾಡಿದ ಮೇಲೆ ಪೇಪರಿನ ಒಂದು ಪುಟವನ್ನು ಕೊನೇ ಬೆಂಚಿನ ಹುಡುಗನಿಗೆ ಕೇಳುವ ಹಾಗೆ ಜೋರಾಗಿ ಓದಿಸಿ. ಜೋರಾಗಿ ಅನ್ನುವ ಒಂದೇ ಸೂಚನೆ ಸಾಕು, ಮಾತಿನ ಚಿಕಿತ್ಸೆಯವರು ನಡೆಸುವ ನಾಲ್ಕು ವಾರದ ತರಬೇತಿಯ ಜೀವಾಳವೂ ಅದೇ.

ಅಕ್ಷರ ಚಿಕ್ಕದಾಗುತ್ತದೆ, ಸಹಿ ಹೊಂದುವುದಿಲ್ಲ. ಪೆನ್ಷನ್ ಬ್ಯಾಂಕಿನಲ್ಲಿ ತಕರಾರು ಬರುವ ಮುಂಚೆಯೇ ಖಾತೆಯನ್ನು ಅಮ್ಮನ ಜೊತೆ ಜಂಟಿ ಮಾಡಿಸಿ, ಹೊಸ ಸಹಿ ಕೊಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಈಗ ಬೇಕಾಗದಿರಬಹುದು, ಮುಂದೆ ಬೇಕಾದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಬಹುದು. ಹೆಚ್ಚಿನ ಸೌಲಭ್ಯಗಳು ಸಿಗುವುದು ಅಂಗವೈಕಲ್ಯ 40% ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ.

ಮಿದುಳಿಗೆ ತಂತಿ ಹಾಕುವ ಆಪರೇಷನ್, ಅಂದರೆ ಡಿಬಿಎಸ್, ಈಗ ಬೇಡ, ಮರೆಯಲೂ ಬೇಡ. ಔಷಧಿಗೆ ಚೆನ್ನಾಗಿ ಬಗ್ಗುವ, ಆದರೆ ಏರಿಳಿತದಿಂದ ದಿನವೇ ಹಾಳಾಗುತ್ತಿರುವ, ನೆನಪು ಚೆನ್ನಾಗಿರುವವರಿಗೆ ಅದು. ಅಂಥ 251 ಜನರನ್ನು ಯುರೋಪಿನಲ್ಲಿ ಎರಡು ವರ್ಷ ನೋಡಿದಾಗ, ಆಪರೇಷನ್ ಆದವರ ಬದುಕಿನ ಅಂಕ, ಆ 39 ಪ್ರಶ್ನೆಗಳದ್ದು, 26% ಸುಧಾರಿಸಿತು, ಬರೀ ಔಷಧಿಯವರದು ಇದ್ದಲ್ಲೇ ಇತ್ತು. ಅವರ ಸರಾಸರಿ ವಯಸ್ಸು 52 ಅನ್ನುವುದು ನೆನಪಿರಲಿ. ನಡುಕ ಒಂದು ಬಿಟ್ಟು, ಮಾತ್ರೆಗೆ ಬಗ್ಗದ್ದು ಅದಕ್ಕೂ ಬಗ್ಗುವುದಿಲ್ಲ. ಕಾಯಿಲೆ ನಿಲ್ಲುವುದೂ ಇಲ್ಲ. ನಾಲ್ಕೈದು ವರ್ಷದಲ್ಲಿ ಏರಿಳಿತ ಜಾಸ್ತಿಯಾದರೆ ನಿಮ್ಹಾನ್ಸ್ ಥರದ ಜಾಗದಲ್ಲಿ ಒಮ್ಮೆ ಕೇಳಿ. ಎಪ್ಪತ್ತೈದು ದಾಟಿದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಊಟದ ಒಂದು ಮಾತು, ನಿಮ್ಮ ಕಡೆಯವರಿಗೇ ಹೇಳಬೇಕಾದ್ದು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಈಗ ತೊಂದರೆ ಇಲ್ಲ. ಊಟದ ನಡುವೆ ಕೆಮ್ಮು, ನೀರು ಕುಡಿದಾಗ ನೆತ್ತಿಗೇರುವುದು, ಊಟವಾದ ಮೇಲೆ ದನಿ ಗೊರಗೊರ ಆಗುವುದು ಕಂಡ ದಿನ ಮುದ್ದೆ ನಿಲ್ಲಿಸಿ ಮೆತ್ತಗಿನ ಅನ್ನ, ಗಟ್ಟಿ ಗಂಜಿಗೆ ಬನ್ನಿ. ನುಂಗುವುದನ್ನು ಪರೀಕ್ಷೆ ಮಾಡಿಸಿ. ಕೊನೆಯ ವರ್ಷಗಳಲ್ಲಿ ಅಪಾಯ ತರುವುದು ನಡುಕ ಅಲ್ಲ, ಶ್ವಾಸಕೋಶಕ್ಕೆ ಇಳಿದ ಅನ್ನ ನೀರಿನಿಂದ ಬರುವ ನ್ಯುಮೋನಿಯಾ ಮತ್ತು ಬಿದ್ದು ಮುರಿದ ಸೊಂಟ.

ಅಮ್ಮ ಹೇಗಿದ್ದಾರೆ ಅಂತ ನೀವು ಒಂದು ಸಾಲೂ ಬರೆದಿಲ್ಲ. ಅಂಗಿ ಗುಂಡಿ ಹಾಕುವುದರಿಂದ ಹಿಡಿದು ಎಲ್ಲ ಅವರೇ ಮಾಡಿಕೊಡುತ್ತಿದ್ದರೆ ಈಗಲೇ ನಿಲ್ಲಿಸಲಿ. ಹತ್ತು ನಿಮಿಷ ಆದರೂ ಆಗಲಿ, ಮೇಷ್ಟ್ರೇ ಹಾಕಿಕೊಳ್ಳಲಿ. ಇದು ಕಟುವಾಗಿ ಕೇಳಬಹುದು. ಆದರೆ ಈ ಕಾಯಿಲೆ ಒಂದೇ ಓಟಕ್ಕೆ ಮುಗಿಯುವುದಲ್ಲ, ಅಮ್ಮನ ಬೆನ್ನು ಮೊಣಕಾಲು ಇನ್ನೂ ಬಹಳ ವರ್ಷ ಬೇಕು.

ಇನ್ನು ಡಲ್ಲಾಸ್. ಹುಷಾರಾಗುವ ತನಕ ಕಾಯುವುದರಲ್ಲಿ ಅರ್ಥ ಇಲ್ಲ, ಮುಂದಿನ ವರ್ಷಕ್ಕಿಂತ ಈ ವರ್ಷವೇ ಓಡಾಟ ಸಲೀಸು. ಮೊದಲು ಡಾಕ್ಟರ ಹತ್ತಿರ ಹೋಗಿ, ಅರ್ಧಂಬರ್ಧ ತಗೊಂಡದ್ದನ್ನು ಹೇಳಿ. ಅವರು ನಿಧಾನವಾಗಿ ಮೂರು ಹೊತ್ತಿಗೆ ಏರಿಸಲಿ, ಎರಡು ಮೂರು ತಿಂಗಳು ಹೊಂದಿಕೊಂಡ ಮೇಲೆ ಟಿಕೆಟ್ ತೆಗೆಯಿರಿ. ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ವಿಮಾನದಲ್ಲಿ ಗಡಿಯಾರ ಬಿಟ್ಟು, ಹಿಂದಿನ ಮಾತ್ರೆಯಿಂದ ಎಷ್ಟು ಗಂಟೆ ಆಯಿತು ಅನ್ನುವುದನ್ನು ಮಾತ್ರ ಲೆಕ್ಕ ಇಡಲಿ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಲು ನಾಚಿಕೆ ಬೇಡ, ಆ ಸಾಲುಗಳಲ್ಲಿ ನಿಂತು ಸುಸ್ತಾಗುವುದು ದಂಡ. ಇನ್ಶೂರೆನ್ಸ್ ತಗೊಳ್ಳುವಾಗ ಮೊದಲೇ ಇರುವ ಕಾಯಿಲೆಗೆ ಏನು ಸಿಗುತ್ತದೆ, ಏನಿಲ್ಲ ಅಂತ ಓದಿ ನೋಡಿ. ಡಾಕ್ಟರ ಪತ್ರದಲ್ಲಿ ಔಷಧಿಯ ಮೂಲ ಹೆಸರು ಬರೆಸಿ, ಸಿಂಡೋಪಾ ಅಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ 125 ಅಂತ ಬರೆಯುವುದನ್ನು ಅವರು 25-100 ಅಂತ ಬರೆಯುತ್ತಾರೆ (ಕಾರ್ಬಿಡೋಪಾ 25, ಲೆವೊಡೋಪಾ 100), ಎರಡೂ ಒಂದೇ. ಇನ್ನೊಂದು ವಿಷಯ ತಮ್ಮನಿಗೆ ಈಗಲೇ ಹೇಳಿಡಿ: ನಾವು ವಾಕರಿಕೆಗೆ ಕೊಡುವ ಡೊಂಪೆರಿಡೋನ್ ಅಮೆರಿಕದ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ, ವಾಂತಿ ಅಂತ ಎಮರ್ಜೆನ್ಸಿಗೆ ಹೋದರೆ ಅಲ್ಲಿ ಮೆಟೊಕ್ಲೋಪ್ರಮೈಡ್ ಚುಚ್ಚುವ ಸಾಧ್ಯತೆ ಇದೆ. ಪಾರ್ಕಿನ್ಸನ್ ಇದೆ, ಅದು ಬೇಡ ಅಂತ ಬಾಗಿಲಲ್ಲೇ ಹೇಳಲಿ.